ಮೂರನೆಯ ಜಂತಿ

ಮೂರನೆಯ ಜಂತಿ ತೆಗೆಯುವ ಹಿಂದಿನ ದಿನ ಮಧ್ಯಾಹ್ನ ಅಣ್ಣ ಎರಡು ರೊಟ್ಟಿ ಹೆಚ್ಚು ತಿಂದ. ಕೆಲಸಕ್ಕೆ ಹೋದ ಮನೆಯಲ್ಲಿ ಅವನು ಹಾಗೆ ಕೇಳಿ ಹಾಕಿಸಿಕೊಳ್ಳುವವನಲ್ಲ. ಆದರೆ ಆ ಮನೆಯ ಮುದುಕಿಯ ಜೊತೆ ಅವನಿಗೆ ಮೊದಲ ದಿನವೇ ಸಲಿಗೆ ಬೆಳೆದಿತ್ತು. ಊರೆಲ್ಲ ಅವಳನ್ನು ಆಯಿ ಅನ್ನುತ್ತಿತ್ತು, ನಾವೂ ಹಾಗೇ ಅನ್ನುತ್ತಿದ್ದೆವು.

"ಭಾಳ ತೆಳ್ಳಗ ಬಡದೀದಿ ಆಯಿ. ಎಷ್ಟು ತಿಂದೆ ಅನ್ನೋದ ಗೊತ್ತಾಗವಲ್ದು," ಅಂದ ಅಣ್ಣ.

"ಗೊತ್ತಾಗಾಕ ತಳ ಇರಬೇಕಲ್ಲೋ. ಹೊಟ್ಟಿಗೂ ಒಂದು ಟೇಕು ಕೊಟ್ಟೀಯೇನು ಒಳಗ?" ಅಂದಳು ಆಯಿ. ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು.

ಅದು ಬಾಗೇವಾಡಿ ತಾಲೂಕಿನಲ್ಲಿ, ಮಸೂತಿಯಿಂದ ಒಂದು ತಾಸು ನಡೆದರೆ ಸಿಗುವ ಹಳ್ಳಿ. ನಾವು ಮುದ್ದೇಬಿಹಾಳ ಕಡೆಯವರು. ಅಣ್ಣ ಬಡಗಿ, ನಾನು ಅವನ ಕೈಕೆಳಗಿನವ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅವನು ಸಾಲಿ ಕಂಡವನಲ್ಲ. ಮರದ ಅಳತೆಯನ್ನು ಕಾಗದದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಅವನಿಗೆ ಆ ಕಾಗದ ಎಂದೂ ಬೇಕಾಗುತ್ತಿರಲಿಲ್ಲ.

ಆಯಿಯ ಮಗ ಮನೆಯ ಮಾಲಕರು. ಮನೆ ಅವರ ಅಜ್ಜನ ಕಾಲದ್ದು. ಕಲ್ಲು ಮಣ್ಣಿನ ಗೋಡೆ, ನಾಲ್ಕು ಕಂಬದ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ಈ ಕಡೆಯ ಮಾಳಿಗೆ ನೋಡದವರಿಗಾಗಿ ಹೇಳುತ್ತೇನೆ. ಕಂಬಗಳ ಮೇಲೆ ದಪ್ಪ ತೊಲೆ. ತೊಲೆಯಿಂದ ಗೋಡೆಗೆ ಸಾಲಾಗಿ ಜಂತಿಗಳು. ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಗೆದ್ದಲು ಹತ್ತದಿರಲೆಂದು ಬೇವಿನ ತಪ್ಪಲು, ಅದರ ಮೇಲೆ ತೊಗರಿ ಕಟ್ಟಿಗೆ, ಕೊನೆಗೆ ಒಂದು ಮೊಳ ಮಣ್ಣು. ಆ ಮಣ್ಣಿನ ಮೇಲ್ಪದರಕ್ಕೆ ಉಪ್ಪಿನಂಶದ ಕರ್ಲ ಮಣ್ಣನ್ನೇ ಹಾಕಬೇಕು. ಅದು ನೀರು ಕುಡಿಯುವುದಿಲ್ಲ. ಹೊಸದಾಗಿ ಹಾಕಿದ ಮಣ್ಣು ಕೂತು ಗಟ್ಟಿಯಾಗಲು ಎರಡು ಮೂರು ಮಳೆಗಾಲ ಹಿಡಿಯುತ್ತದೆ, ಅಲ್ಲಿಯವರೆಗೆ ಅಲ್ಲಲ್ಲಿ ಸೋರುತ್ತದೆ. ಅದಕ್ಕೇ ಒಮ್ಮೆ ಕೂತ ಮಣ್ಣನ್ನು ಇಳಿಸಲು ಯಾರಿಗೂ ಮನಸ್ಸಿರುವುದಿಲ್ಲ.

ನಮ್ಮ ಮನೆತನಕ್ಕೆ ಕರೆ ಬರುತ್ತಿದ್ದುದು ಈ ಕಾರಣಕ್ಕೆ. ಮೇಲಿನ ಮಣ್ಣು ಹಾಗೇ ಇರುವಾಗ, ಕೆಳಗಿನಿಂದಲೇ ಕೆಟ್ಟ ಜಂತಿ ತೆಗೆದು ಹೊಸದನ್ನು ಕೂಡಿಸುವುದು ನಮ್ಮ ಅಪ್ಪನಿಗೆ ಗೊತ್ತಿತ್ತು. ಅಪ್ಪನಿಂದ ಅದು ಅಣ್ಣನಿಗೆ ಬಂತು. ಕೆಟ್ಟ ಜಂತಿಯ ಎರಡೂ ಬದಿಗೆ ಒಂದೊಂದು ಅಡ್ಡ ಮರ ಕೊಟ್ಟು, ಅದರ ಕೆಳಗೆ ಟೇಕು, ಅಂದರೆ ಆಧಾರದ ಗಳ, ನಿಲ್ಲಿಸಬೇಕು. ಟೇಕಿನ ಬುಡಕ್ಕೆ ಚಪ್ಪಟೆ ಕಲ್ಲು. ಕಲ್ಲಿಗೂ ಮರಕ್ಕೂ ನಡುವೆ ಜೋಡಿ ಬೆಣೆ ಬಡಿಯುತ್ತ ಹೋದರೆ ಮಾಳಿಗೆಯ ಭಾರ ಜಂತಿ ಬಿಟ್ಟು ಟೇಕಿಗೆ ಬರುತ್ತದೆ. ಆಮೇಲೆ ಜಂತಿಯನ್ನು ನಡುವೆ ಕೊಯ್ದು ಎರಡು ತುಂಡನ್ನೂ ಗೋಡೆಯಿಂದ ತೊಲೆಯಿಂದ ಎಳೆದು ತೆಗೆಯುವುದು. ಗೋಡೆಯ ತೂತನ್ನು ಒಂದು ಗೇಣು ಆಳ ಮಾಡಿ, ಹೊಸ ಜಂತಿಯನ್ನು ಓರೆಯಾಗಿ ತೂರಿಸಿ, ಮತ್ತೆ ಹಿಂದಕ್ಕೆ ಎಳೆದು ತೊಲೆಯ ಮೇಲೆ ಕೂಡಿಸುವುದು.

ಅಷ್ಟು ಹೊತ್ತು ಒಬ್ಬ ಮಾಳಿಗೆಯ ಮೇಲೆ ಇರಲೇಬೇಕು. ಜಂತಿ ಇರುವ ಜಾಗದ ನೇರಕ್ಕೆ ಕಂಠದವರೆಗೆ ನೀರು ತುಂಬಿದ ತಂಬಿಗೆ ಇಟ್ಟು ನೀರನ್ನೇ ನೋಡುತ್ತ ಕೂಡುವುದು ಅವನ ಕೆಲಸ. ಮಾಳಿಗೆ ಒಂದು ಕೂದಲೆಳೆ ಇಳಿದರೂ ನೀರು ಒಂದು ಕಡೆ ವಾಲುತ್ತದೆ. ಕೆಳಗಿನವ "ನೀರು?" ಅಂತ ಕೂಗುತ್ತಾನೆ. ಮೇಲಿನವ "ನಿಂತೈತಿ" ಅನ್ನಬೇಕು. ಹನ್ನೆರಡು ವರ್ಷ ಆ ಮಾತು ಅನ್ನುತ್ತಿದ್ದವ ನಾನು.

ಟೇಕು ಕೊಡುವ ಮೊದಲು ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಈ ಸೀಮೆಯ ಮನೆಗಳಲ್ಲಿ ಜೋಳ ಕೂಡಿಡಲು ನೆಲದೊಳಗೆ ಹಗೇವು ತೋಡಿರುತ್ತಾರೆ. ಮೇಲೆ ಕಲ್ಲು ಮುಚ್ಚಿ, ಮಣ್ಣು ಹಾಕಿ, ಸಾರಿಸಿಬಿಟ್ಟರೆ ಹೊರಗಿನವರಿಗೆ ನೆಲ ಯಾವುದು ಹಗೇವು ಯಾವುದು ತಿಳಿಯುವುದಿಲ್ಲ. ಅದಕ್ಕೆ ಮನೆಯವರನ್ನು ಕೇಳಬೇಕು. ಕೇಳಿದ ಮೇಲೂ ಕಬ್ಬಿಣದ ಹಾರಿಯಿಂದ ನೆಲ ಕುಟ್ಟಿ ನೋಡಬೇಕು.

ಅಣ್ಣ ಕೇಳಿದ. ಕೆಲಸ ಶುರುವಾದ ಮುಂಜಾನೆ, ಪಡಸಾಲೆಯ ನಡುವೆ ನಿಂತು, ನನ್ನೆದುರಿಗೇ ಕೇಳಿದ.

"ಮಾಲಕರ, ಕೆಳಗ ಹಗೇವು ಐತೇನ್ರಿ?"

"ಇಲ್ಲ ಬಿಡೋ. ನಮ್ಮಪ್ಪನ ಕಾಲಕ್ಕ ಹಿತ್ತಲದಾಗ ಒಂದಿತ್ತು. ಅದಕ್ಕೂ ಕಲ್ಲು ತುಂಬೇವಿ."

"ಪಡಸಾಲ್ಯಾಗ?"

"ಇಲ್ಲಂತ ಹೇಳಿದ್ನಲ್ಲ ಬಡಿಗೇರ."

ಆಯಿ ಕಂಬಕ್ಕೆ ಆತು ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳ ಕೈಯಲ್ಲಿನ ಮೊರ ಒಂದು ಗಳಿಗೆ ನಿಂತಿತು, ಮತ್ತೆ ಆಡಿತು. ಅದನ್ನು ನಾನು ನೋಡಿದೆ. ನೋಡಿದ್ದು ಏನೆಂದು ಆಗ ತಿಳಿಯಲಿಲ್ಲ.

ಹಾರಿಯಿಂದ ಕುಟ್ಟಿದವ ನಾನು. ಎಲ್ಲ ಕಡೆ ಗಟ್ಟಿ ಸದ್ದು. ಎರಡನೆಯ ಕಂಬದ ಹತ್ತಿರ ಮಾತ್ರ ಸದ್ದು ಸ್ವಲ್ಪ ಮೆತ್ತಗಿತ್ತು. ಟೊಳ್ಳು ನೆಲ ಡಬ್ ಅನ್ನುತ್ತದೆ, ಇದು ಹಾಗೆ ಅನ್ನಲಿಲ್ಲ. ಆ ಭಾಗವನ್ನು ಹೊಸದಾಗಿ ಸಾರಿಸಿದ್ದರು, ಒಳಗೆ ಇನ್ನೂ ಹಸಿ ಇದ್ದುದಕ್ಕೆ ಹಾಗಿರಬೇಕು ಅಂದುಕೊಂಡೆ.

"ಹೆಂಗೈತಿ ತಮ್ಮಾ?"

"ಗಟ್ಟಿ ಐತಿ ಅಣ್ಣಾ."

ಆ ದಿನ ಆಚೆ ಬದಿಯ ಎರಡು ಜಂತಿ ಬದಲಾದವು. ನೀರು ಅಲುಗಲಿಲ್ಲ. ಇಳಿಹೊತ್ತಿಗೆ ಅಣ್ಣ ಕಟ್ಟೆಯ ಮೇಲೆ ಕೂತು ಬಾಚಿ ಮಸೆಯುತ್ತ, "ನಾಳೆ ಎರಡು, ನಾಡದು ಒಂದು, ಆಮ್ಯಾಲ ಊರು," ಅಂದ. ಅದು ನಮ್ಮ ಕೊನೆಯ ಸಾದಾ ದಿನ.

ಮರುದಿನ ಮೂರನೆಯ ಜಂತಿ. ಅದು ಎರಡನೆಯ ಕಂಬದ ಪಕ್ಕದ್ದು. ಗೆದ್ದಲು ಒಳಗಿನಿಂದ ತಿಂದಿತ್ತು, ಉಳಿ ಚುಚ್ಚಿದರೆ ಹಿಟ್ಟು ಉದುರುತ್ತಿತ್ತು. ಅಣ್ಣ ನಾಲ್ಕು ಟೇಕು ನಿಲ್ಲಿಸಿದ. ಗುಂಡು ಕಟ್ಟಿದ ದಾರ ಇಳಿಬಿಟ್ಟು ನಾಲ್ಕೂ ನೆಟ್ಟಗಿವೆಯೇ ನೋಡಿದ. ಬೆಣೆ ಬಡಿದ. ನಾನು ನಿಚ್ಚಣಿಕೆ ಏರಿ ಮಾಳಿಗೆಗೆ ಹೋಗಿ, ಬೆಳಕಿಂಡಿಯ ಈಚೆ ಬದಿಗೆ ತಂಬಿಗೆ ಇಟ್ಟು ಕುಕ್ಕರುಗಾಲಲ್ಲಿ ಕೂತೆ.

"ನೀರು?"

"ನಿಂತೈತಿ."

ಗರಗಸದ ಸದ್ದು ಶುರುವಾಯಿತು. ಮೊದಲು ಒಣ ಮರದ ಸದ್ದು, ನಡುವೆ ಗೆದ್ದಲು ತಿಂದ ಕಡೆ ಸದ್ದೇ ಇಲ್ಲ, ಮತ್ತೆ ಗಟ್ಟಿ ಮರ.

"ನೀರು?"

"ನಿಂತೈತಿ ಅಣ್ಣಾ."

ಜಂತಿ ಪೂರ್ತಿ ಕೊಯ್ದಾಯಿತು. ಅದರ ಒಂದು ತುಂಡು ಕೆಳಗೆ ಬಿದ್ದ ಸದ್ದು ಕೇಳಿಸಿತು. ಆಗ ಭಾರವೆಲ್ಲ ಟೇಕಿನ ಮೇಲೆ ಬಂದಿತ್ತು. ತಂಬಿಗೆಯ ನೀರು ನನ್ನ ಕಡೆಯ ಅಂಚು ಬಿಟ್ಟು ಆಚೆಯ ಅಂಚಿಗೆ ಹೋಯಿತು. ನಾನು ಬಾಯಿ ತೆರೆದೆ. ಮಾತು ಬರುವ ಮೊದಲೇ ತಂಬಿಗೆ ಇರಲಿಲ್ಲ. ತಂಬಿಗೆ ಇಟ್ಟ ನೆಲ ಇರಲಿಲ್ಲ. ನನ್ನ ಪಾದದ ಬೆರಳುಗಳ ಮುಂದೆ ಮಾಳಿಗೆ ಮುಗಿದಿತ್ತು, ಅದರಾಚೆ ಕೆಂಪು ಧೂಳು ಮೇಲೇಳುತ್ತಿತ್ತು. ದೊಡ್ಡ ಸದ್ದಾಯಿತೇ ಎಂದು ಮಂದಿ ಆಮೇಲೆ ಕೇಳಿದರು. ತುಂಬಿದ ಚೀಲ ನೆಲಕ್ಕೆ ಹಾಕಿದಂಥ ಸದ್ದು, ಅಷ್ಟೇ.

ನಾನು ಹೇಗೆ ಇಳಿದೆನೋ ನೆನಪಿಲ್ಲ. ಸಲಿಕೆ ಹಿಡಿದ ಮೇಲಿನದೆಲ್ಲ ನೆನಪಿದೆ. ಓಣಿಯ ಐದಾರು ಮಂದಿ, ಮಾಲಕರು, ನಾನು. ಮೊದಲು ಮೇಲಿನ ಕರ್ಲ ಮಣ್ಣು ಹೆಂಟೆ ಹೆಂಟೆಯಾಗಿ ಎತ್ತಿದೆವು. ಆಮೇಲೆ ತೊಗರಿ ಕಟ್ಟಿಗೆ. ಆಮೇಲೆ ಹಲಗೆ. ಹಲಗೆ ಎತ್ತಿದಾಗ ನನ್ನ ಪಕ್ಕದವನ ಸಲಿಕೆಯಲ್ಲಿ ಮಣ್ಣಿನ ಜೊತೆ ಜೋಳ ಬಂತು.

ಅವನು ಸಲಿಕೆ ಹಾಗೇ ಹಿಡಿದು ಮಾಲಕರ ಮುಖ ನೋಡಿದ. ಮತ್ತಿಬ್ಬರೂ ನಿಲ್ಲಿಸಿದರು. ಬಿಳಿ ಜೋಳ, ಹೊಟ್ಟು, ಮುರಿದ ಹಲಗೆ. ಆ ವರ್ಷಗಳಲ್ಲಿ ಸರಕಾರದವರು ರೈತರ ಹತ್ತಿರ ಲೆವಿ ಜೋಳ ವಸೂಲು ಮಾಡುತ್ತಿದ್ದರು. ಜೀಪು ಬಂದರೆ ಹಗೇವು ತೋರಿಸಬೇಕಿತ್ತು. ಕೆಲವರು ಮನೆಯೊಳಗಿನ ಹಗೇವನ್ನು ನೆಲ ಮಾಡಿ ಸಾರಿಸಿಬಿಟ್ಟಿದ್ದರು. ಇದೂ ಅಂಥದ್ದು. ಎಂಟು ದಿನದ ಹಿಂದೆ ಬಾಯಿ ತೆಗೆದು ಎರಡು ಮೊಳದಷ್ಟು ಜೋಳ ತೆಗೆದುಕೊಂಡಿದ್ದರು. ಮೇಲಿನ ಕಲ್ಲು ಎಳೆದರೆ ಓಣಿಗೆಲ್ಲ ಕೇಳುತ್ತದೆಂದು ಮತ್ತೆ ಕಲ್ಲು ಹಾಕಿರಲಿಲ್ಲ. ಹೊಟ್ಟು ತುಂಬಿ, ಹಲಗೆ ಇಟ್ಟು, ಮಣ್ಣು ಬಳಿದಿದ್ದರು. ಹೊಟ್ಟು ತುಂಬಿದ್ದಕ್ಕೇ ನನ್ನ ಹಾರಿಗೆ ಟೊಳ್ಳು ಕೇಳಿಸಿರಲಿಲ್ಲ. ಇಷ್ಟೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಕಂಡದ್ದು, ಮೂರು ಮಂದಿ ಸಲಿಕೆ ನಿಲ್ಲಿಸಿ ನಿಂತದ್ದು, ಒಬ್ಬ ಜೋಳದ ಮೇಲೆ ಮಣ್ಣು ಎಳೆದದ್ದು.

ಆಯಿ ಒಳಗಿನಿಂದ ಚೀರಿದಳು. "ಕಾಳು ಮುಚ್ಚಾಕತ್ತೀರೇನ್ರೋ? ಮನಶಾನ್ನ ತಗೀರಿ! ಅವನ ತಗೀರಿ ಮೊದಲ!"

ಅಣ್ಣ ಸಿಕ್ಕ. ಉಸಿರಿರಲಿಲ್ಲ. ಅವನ ಎಡಗೈ ಟೇಕನ್ನು ಹಿಡಿದಿತ್ತು. ಆ ಟೇಕು ಮುರಿದಿರಲಿಲ್ಲ, ವಾಲಿರಲಿಲ್ಲ. ಎರಡು ಮೊಳ ನೆಲದೊಳಗೆ ಇಳಿದು ನೆಟ್ಟಗೆ ನಿಂತಿತ್ತು.

ಅವನನ್ನು ಕಟ್ಟೆಯ ಮೇಲೆ ಮಲಗಿಸಿದರು. ನಾನು ಅವನ ಕಾಲ ಹತ್ತಿರ ಕೂತೆ. ಪೊಲೀಸ್ ಪಾಟೀಲರು ಬಾಗೇವಾಡಿಗೆ ಮಂದಿ ಕಳಿಸಿದರು. ಫೌಜದಾರರು ಬರುವವರೆಗೆ ಏನನ್ನೂ ಮುಟ್ಟಬಾರದು ಅಂತ ಅವರೇ ಹೇಳಿಹೋದರು. ಆದರೆ ಅವರು ಹೋದ ಮೇಲೆ ಪಡಸಾಲೆಯಲ್ಲಿ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಇಬ್ಬರು ಆ ಟೇಕನ್ನು ಕಿತ್ತು ಮಣ್ಣಿನ ಮೇಲೆ ಅಡ್ಡ ಹಾಕುತ್ತಿದ್ದರು. ಮತ್ತಿಬ್ಬರು ಜೋಳವನ್ನು ಚೀಲಕ್ಕೆ ತುಂಬಿ ಹಿತ್ತಲಿಗೆ ಒಯ್ಯುತ್ತಿದ್ದರು. ಮಾಳಿಗೆಯ ಮಣ್ಣನ್ನೇ ಹಗೇವಿಗೆ ತಳ್ಳಿ ತುಳಿದರು. ನಾನು ನೋಡುತ್ತ ಕೂತೆ. ಬ್ಯಾಡ ಅನ್ನಲಿಲ್ಲ. ಅದು ನನ್ನ ಕಣ್ಣ ಮುಂದೆ ನಡೆಯುತ್ತಿದೆ ಅನ್ನುವುದೇ ನನ್ನ ತಲೆಗೆ ಹೋಗಲಿಲ್ಲ. ಅಣ್ಣನ ಹಿಮ್ಮಡಿಗೆ ಹತ್ತಿದ ಮಣ್ಣನ್ನು ಬೆರಳಿನಿಂದ ಕೆರೆಯುತ್ತಿದ್ದೆ.

ಮಧ್ಯಾಹ್ನ ಫೌಜದಾರರು ಬಂದು ಪಂಚನಾಮೆ ಬರೆಸಿದರು. ಪಡಸಾಲೆಯ ಉದ್ದಗಲ ಅಳೆದರು, ಟೇಕು ಎಣಿಸಿದರು. ಬರೆದುಕೊಳ್ಳುವವರು ಬರೆದು ಮುಗಿಸಿ, "ಓದಾಕ ಬರತೈತೇನು?" ಅಂದರು. ಬರುತ್ತದೆ ಅಂದೆ. ಓದಿದೆ. ಬಡಗಿಯು ಟೇಕುಗಳನ್ನು ಸರಿಯಾಗಿ ನಿಲ್ಲಿಸದ್ದರಿಂದ ಅವು ಜಾರಿ ಹಳೆಯ ಮಾಳಿಗೆ ಕುಸಿದು ಮರಣ ಸಂಭವಿಸಿದೆ, ಯಾರ ಮೇಲೂ ಸಂಶಯವಿಲ್ಲ ಎಂದು ಇತ್ತು. ಎರಡು ಸಲ ಓದಿದೆ.

ಮಾಲಕರು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು.

"ತಮ್ಮಾ, ನಿನ್ನ ಕಾಲ ಹಿಡೀತೇನಿ. ಹಗೇವಿನ ಸುದ್ದಿ ಹೊರಗ ಬಂತಂದ್ರ ಜೋಳನೂ ಹೋಗತಾವ, ನನ್ನೂ ಒಯ್ತಾರ. ಹೋದಾವ ಹೋದ. ಅವನ ಮಣ್ಣರೇ ಹೊತ್ತಿನಾಗ ಆಗಲಿ."

ಸಹಿ ಆಗದೆ ಹೆಣ ಬಿಡುತ್ತಿರಲಿಲ್ಲ. ನಮ್ಮೂರಿಗೆ ಬಂಡಿಯಲ್ಲಿ ದೂರ. ಹೊತ್ತು ಮುಳುಗುವುದರೊಳಗೆ ಅಣ್ಣನ ಹೆಂಡತಿಗೆ, ನಮ್ಮ ವೈನಿಗೆ, ಅವನ ಮುಖ ತೋರಿಸಬೇಕು ಅನ್ನುವುದೊಂದೇ ನನಗೆ ತೋಚಿತು. ಸಹಿ ಮಾಡಿದೆ. ಅಕ್ಷರ ಚೆಂದ ಬಂದಿತ್ತು.

ಅಣ್ಣನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ವೈನಿ ಒಲೆಯ ಮುಂದೆ ಕೂತು ಕೇಳಿದರು.

"ನಿಮ್ಮಣ್ಣ ಕೊಟ್ಟ ಟೇಕು ಯಾವಾಗಾರ ಜಾರಿದ್ದು ನೋಡೀದೇನು ತಮ್ಮಾ?"

"ಇಲ್ಲ ವೈನಿ."

"ಮತ್ತ ಮಂದಿ ಹಂಗಂತಾರಲ್ಲ?"

ನಾನು ಎಲ್ಲ ಹೇಳಿದೆ. ಹಗೇವು, ಹೊಟ್ಟು, ನನ್ನ ಹಾರಿ, ಗಟ್ಟಿ ಐತಿ ಅಂದದ್ದು, ಸಹಿ. ಅವರು ಒಲೆಯ ಕಡೆ ನೋಡುತ್ತಲೇ ಕೇಳಿಸಿಕೊಂಡರು.

"ಓದಿ ಸಹಿ ಮಾಡಿದಿ?"

"ಓದಿ ಮಾಡಿದೆ."

ಅವರು ಉರಿಯುವ ಕಟ್ಟಿಗೆಯನ್ನು ಒಲೆಯಿಂದ ಹೊರಗೆ ಎಳೆದರು.

ಕಾಗದದಲ್ಲಿದ್ದ ಮಾತು ಕಾಗದದಲ್ಲೇ ಉಳಿಯಲಿಲ್ಲ. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ನಮಗೊಂದು ಕೆಲಸ ಗೊತ್ತಾಗಿತ್ತು, ಅಣ್ಣನೇ ಮಾತಾಡಿ ಬಂದಿದ್ದ. ಸೂತಕದ ದಿನಗಳು ಮುಗಿದ ಮೇಲೆ ಹೋದೆ. ಆ ಮನೆಯವರು ಚಹಾ ಕೊಟ್ಟರು, ಕೂಡಿಸಿಕೊಂಡರು, ಮಾಳಿಗೆ ಮಾತ್ರ ತೋರಿಸಲಿಲ್ಲ. ಕೊನೆಗೆ ಅಂದರು, "ತಪ್ಪ ತಿಳೀಬ್ಯಾಡಪಾ. ಮನ್ಯಾಗ ಹೆಣ್ಮಕ್ಕಳು ಅಂಜತಾರ. ನಿಮ್ಮಣ್ಣನ ಟೇಕು ಜಾರಿತ್ತಂತಲ್ಲ?" ಇಂಡಿ ಕಡೆ ಅಗರಖೇಡಕ್ಕೆ ಹೋದೆ. ಅಲ್ಲಿಗೆ ನನಗಿಂತ ಮೊದಲೇ ಸುದ್ದಿ ಹೋಗಿತ್ತು. ಅಲ್ಲಿ ಒಂದು ಮನೆಯ ಏಳು ಜಂತಿ ಅಣ್ಣ ಬದಲಿಸಿದ್ದ, ಹನಿ ಸೋರಿರಲಿಲ್ಲ. ಆ ಮನೆಯವರೇ ಕಟ್ಟೆಯ ಮೇಲೆ, "ಪುಣ್ಯಾ ನೋಡು, ನಮ್ಮದು ನಿಂತೈತಿ," ಅನ್ನುತ್ತಿದ್ದರು. ನಾನು ಗುಡಿಯ ಕಡೆಯಿಂದ ಬರುತ್ತಿದ್ದುದನ್ನು ಅವರು ನೋಡಿರಲಿಲ್ಲ.

ಅಪ್ಪ ಬಿಟ್ಟುಹೋದದ್ದು ಬಾಚಿ, ಉಳಿ ಮತ್ತು ಆ ಹೆಸರು. ಅಣ್ಣ ಅದನ್ನು ಒಂದು ಸಲವೂ ಕೆಡಿಸಿರಲಿಲ್ಲ. ಈಗ ಅದು ಕೆಟ್ಟಿತ್ತು, ಕೆಡಿಸಿದ ಕಾಗದಕ್ಕೆ ಸಹಿ ನನ್ನದು.

ರೋಹಿಣಿ ಮಳೆಗೆ ಇನ್ನು ಹದಿನೈದು ದಿನ ಇರುವಾಗ ಮಾಲಕರು ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ನಿಂತರು. ಪಡಸಾಲೆ ಹಾಗೇ ತೆರೆದು ಬಿದ್ದಿತ್ತಂತೆ. ಬೇರೆ ಬಡಗಿಗಳು ಆ ಮನೆಯೊಳಗೆ ಕಾಲಿಡಲು ಒಲ್ಲೆ ಅಂದಿದ್ದರು.

"ಗ್ವಾಡಿ ಬಾಯಿ ತಗದಾವು. ಮಳಿ ಬಂತಂದ್ರ ಉಳಿದದ್ದೂ ಕೂಡತೈತಿ. ಹತ್ತು ಮಂದಿ ಅದೇವಿ. ನೀ ಬಂದರ..."

ಒಳಗಿನಿಂದ ವೈನಿ ಕೇಳಿದರು. "ಊರ ಮಂದಿ ಮುಂದ ಹೇಳತೀರೇನ್ರಿ?"

ಮಾಲಕರು ಏನು ಅಂತ ಕೇಳಲಿಲ್ಲ. ತಲೆ ತಗ್ಗಿಸಿದರು. "ಹೇಳತೇನವ್ವಾ. ಮಾಳಗಿ ಮುಗಿದ ದಿನ, ಆಯೇರಿ ಹೊತ್ತಿನಾಗ ಎಲ್ಲಾರ ಮುಂದ ಹೇಳತೇನಿ. ಅಂದರ ಸೈ ಅಲ್ಲ?"

ಅವರು ಹೋದ ಮೇಲೆ ವೈನಿ ಹೊರಗೆ ಬಂದರು. "ಹೋಗು ತಮ್ಮಾ. ಆದರ ಮಣ್ಣು ಇಳಿಸಿ ಮಾಡು. ಮಣ್ಣು ಇಟಗೊಂಡು ಮಾಡೂದು ಇಲ್ಲಿಗೆ ಸಾಕು."

ಅಪ್ಪನ ವಿದ್ಯೆ ಅಂದು ನಮ್ಮ ಮನೆಯಲ್ಲಿ ನಿಂತಿತು. ಅದನ್ನು ನಿಲ್ಲಿಸಿದವರು ವೈನಿ. ನಾನು ಹೂಂ ಅಂದೆ.

ಮೊದಲ ಮೂರು ದಿನ ಉಳಿದ ಮಾಳಿಗೆಯ ಮಣ್ಣು ಇಳಿಸಿದೆವು. ಊರಿನ ನಾಲ್ಕು ಆಳು ಜೊತೆಗಿದ್ದರು. ಆಮೇಲೆ ಹಗೇವು. ತುಳಿದು ಮುಚ್ಚಿದ ಮಣ್ಣನ್ನು ಮತ್ತೆ ತೆಗೆಸಿದೆ. ಆಳುಗಳು ಮುಖ ಮುಖ ನೋಡಿಕೊಂಡರು. "ಇಲ್ಲಿ ಏನೋ ತಗ್ಗು ಐತಲ್ಲ," ಅಂದ ಒಬ್ಬ, ತನಗೇನೂ ಗೊತ್ತೇ ಇಲ್ಲದವರ ಹಾಗೆ. ಅವನೇ ಅಂದು ಜೋಳದ ಚೀಲ ಹೊತ್ತವ. ನಾನು ತಳದಲ್ಲಿ ಇಳಿದು ನಿಂತೆ. ನನ್ನ ಎದೆಮಟ್ಟ ಇತ್ತು. ಗೋಡೆಗೆ ಅಂಟಿದ್ದ ಜೋಳ ಇನ್ನೂ ಹಾಗೇ ಇತ್ತು, ಕೆಲವು ಮೊಳಕೆ ಒಡೆದಿದ್ದವು. ಒಂದೊಂದು ಸಾಲು ಕಲ್ಲು ಹಾಕಿಸಿ, ಮೇಲೆ ಗರಸು ಮಣ್ಣು ಸುರಿದು, ನೀರು ಬಿಟ್ಟು, ನಾನೇ ಕುಟ್ಟಿದೆ. ಎರಡು ದಿನ ಅದೇ ಕೆಲಸ.

ಆಯಿ ಚಹಾ ತಂದು ಅಲ್ಲೇ ಅಂಚಿಗೆ ಕೂತಳು.

"ಅವತ್ತು ನಾ ಹೇಳಬೇಕಿತ್ತೋ. ಮೊರ ಹಿಡಕೊಂಡು ಕುಂತಿದ್ದೆ. ಮಗನ ಮಾರಿ ನೋಡಿದೆ, ಸುಮ್ಮಾದೆ."

"ನಾನೂ ಗಟ್ಟಿ ಐತಿ ಅಂದೆ ಆಯಿ."

"ನಿನಗೇನ್ ಗೊತ್ತಿತ್ತು? ನನಗ ಗೊತ್ತಿತ್ತು." ಅವಳು ಖಾಲಿ ಬಟ್ಟಲು ತೆಗೆದುಕೊಂಡು ಎದ್ದಳು. "ರೊಟ್ಟಿ ಬಡಿಯಾಕ ಕುಂತರ ಅವನ ಮಾತ ಬರತಾವೋ ಯಪ್ಪಾ."

ತೊಲೆ ನೋಡಿದಾಗ ಇನ್ನೊಂದು ಪೆಟ್ಟು. ಗೋಡೆಯೊಳಗಿನ ಅದರ ತುದಿ ಸೀಳಿತ್ತು, ಮಾಳಿಗೆ ಬಿದ್ದಾಗ ಆದದ್ದು. ಹೊಸ ತೊಲೆಗೆ ಬೇವು ಕಡಿಸಿದರು. ಹಸಿ ಮರ, ಒಂದೇ ವಾರದ ಬಿಸಿಲಿಗೆ ತಿರುಚಿಕೊಂಡಿತು. ಅದನ್ನು ಏರಿಸುವುದಿಲ್ಲ ಅಂದೆ. ಆಳುಗಳು ಗೊಣಗಿದರು, ಮಳೆ ಹತ್ತಿರ ಬಂದಿತ್ತು. ಕೊನೆಗೆ ಅವರದೇ ದನದ ಕೊಟ್ಟಿಗೆ ಬಿಚ್ಚಿಸಿ, ಅಲ್ಲಿನ ಹಳೆಯ ಸಾಗವಾನಿ ತೊಲೆ ತೆಗೆದೆ. ಅದು ಒಂದು ಗೇಣು ಗಿಡ್ಡ. ಕಂಬವನ್ನು ಒಂದು ಗೇಣು ಈಚೆಗೆ ಸರಿಸಿ ನಿಲ್ಲಿಸಿದೆ. ಹಾಗೆ ಸರಿಸಿದಾಗ ಎರಡನೆಯ ಕಂಬ ಸರಿಯಾಗಿ ಹಗೇವಿನ ನಡುವಿಗೆ ಬಂತು. ಕೆಳಗೆ ಈಗ ಕಲ್ಲಿತ್ತು. ಆದರೂ ಕಂಬ ನಿಲ್ಲಿಸಿದ ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ.

ಜಂತಿಗಳನ್ನು ಕೂಡಿಸುವಾಗ ನಾನೀಗ ಒಬ್ಬನೇ ಅನ್ನುವುದು ತಿಳಿಯಿತು. ಗೋಡೆಯ ಕಡೆ ನಾನಿದ್ದರೆ ತೊಲೆಯ ಕಡೆ ಆಳು. ಅವನಿಗೆ ಎಳಿ ಅಂದರೆ ಎಳೆಯುತ್ತಿದ್ದ, ನಿಲ್ಲು ಅಂದರೆ ನಿಲ್ಲುತ್ತಿದ್ದ. ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ಅಣ್ಣನ ಜೊತೆ ಹನ್ನೆರಡು ವರ್ಷದಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ. ಹನ್ನೊಂದು ಜಂತಿ, ಮೇಲೆ ಹಲಗೆ, ಬೇವಿನ ತಪ್ಪಲು, ತೊಗರಿ ಕಟ್ಟಿಗೆ. ಮಣ್ಣು ಮೊದಲಿನ ಅರ್ಧ ಸಾಕು ಅಂದೆ.

ಮಣ್ಣು ಏರಿಸುವ ದಿನ ಊರ ಮಂದಿ ಕೂಡುವುದು ಎಲ್ಲ ಕಡೆ ರೂಢಿ. ನೆಲದಿಂದ ನಿಚ್ಚಣಿಕೆಯವರೆಗೆ, ನಿಚ್ಚಣಿಕೆಯಿಂದ ಮಾಳಿಗೆಯವರೆಗೆ ಸಾಲು ನಿಂತು ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತಾರೆ. ಚೇಷ್ಟೆ, ಬೈಗುಳ, ನಗು. ಅಂದೂ ಇತ್ತು. ಮೇಲೆ ಕರ್ಲ ಮಣ್ಣು ಹರಡಿ, ಬಡಿದು, ಬೆಳಕಿಂಡಿಯ ಸುತ್ತ ಕಟ್ಟೆ ಕಟ್ಟಿ ನಾನು ಇಳಿದಾಗ ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಕೆಲಸ ಮುಗಿಸಿದ ಬಡಗಿಗೆ ಮನೆಯ ಯಜಮಾನ ಮಂದಿಯ ಮುಂದೆ ಪಟಗ ಸುತ್ತಬೇಕು. ಅದೇ ಆಯೇರಿ.

ಮಾಲಕರು ಪಟಗ ತಂದರು. ನನ್ನ ತಲೆಗೆ ಒಂದು ಸುತ್ತು ಸುತ್ತಿದರು, ಎರಡು ಸುತ್ತು ಸುತ್ತಿದರು. ನಾನು ಕಾಯುತ್ತ ನಿಂತಿದ್ದೆ. ಮೂರನೆಯ ಸುತ್ತಿಗೆ ಅವರ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ತಮ್ಮಾ, ಈ ಸಲದ ಲೆವಿ ಒಂದು ಮುಗೀಲಿ."

ನಾನು ಪಟಗವನ್ನು ಬಿಚ್ಚಿದೆ. ಬಿಚ್ಚುತ್ತಿರುವುದು ನನ್ನ ಕೈ ಅಂತ ನನಗೇ ಆಮೇಲೆ ತಿಳಿಯಿತು. ಆಗ ಆಯಿ ಕಂಬದ ಹತ್ತಿರದಿಂದ ಎದ್ದು ಬಂದಳು.

"ನಾ ಹೇಳತೇನಿ ಕೇಳ್ರಿ. ಇಲ್ಲಿ ಹಗೇವಿತ್ತು. ಜೋಳ ತುಂಬಿದ್ದಿವಿ. ಆ ಬಡಿಗ್ಯಾ ಕೇಳಿದ, ಇವ ಇಲ್ಲಂದ. ನಾ ಸುಮ್ಮ ಕುಂತೆ. ಅವನ ಟೇಕು ಜಾರಿಲ್ಲ. ನಮ್ಮ ನೆಲ ಹೋತು."

ಅಲ್ಲಿ ಕೂತವರಲ್ಲಿ ಸಲಿಕೆ ಹಿಡಿದವರಿದ್ದರು, ಚೀಲ ಹೊತ್ತವರಿದ್ದರು. ಎಲ್ಲರೂ ತಮ್ಮ ತಮ್ಮ ಕೈಗೆ ಹತ್ತಿದ ಮಣ್ಣು ನೋಡಿಕೊಳ್ಳುತ್ತಿದ್ದರು.

ಮಾಲಕರು ನಕ್ಕರು. ಆ ನಗು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. "ನಮ್ಮವ್ವಗ ಈಗೀಗ ಅರುವು ಕಡಿಮಿ ಆಗೇತಿ. ಆ ದಿನದಿಂದ ಏನೇನೋ ಅಂತಾಳ. ಒಳಗ ಕರಕೊಂಡು ಹೋಗ್ರಿ."

"ಅರುವು ನನಗ ಐತೋ!" ಅಂದಳು ಆಯಿ. ಸೊಸೆ ಬಂದು ಅವಳ ರಟ್ಟೆ ಹಿಡಿದಳು.

"ಆಯಿ ಖರೆ ಹೇಳಾಕತ್ತಾಳ್ರಿ," ಅಂದೆ ನಾನು. ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ನಾನ ನೋಡೇನಿ. ಟೇಕು ನೆಲದಾಗ ಇಳಿದು ನಿಂತಿತ್ತು."

ಹಿಂದಿನಿಂದ ಒಬ್ಬ, ಕೆಟ್ಟ ದನಿಯಲ್ಲಿ ಅಲ್ಲ, ತಿಳಿಯದೆ ಕೇಳುವವರ ಹಾಗೆ ಅಂದ. "ಮತ್ತ ಟೇಕು ಜಾರಿತಂತ ಓದಿ ಸಹಿ ಮಾಡಿದಾಂವ ನೀನ ಅಲ್ಲೇನಪಾ?"

ನಾನು ಹೌದು ಅಂದೆ. ಪಟಗವನ್ನು ಮಡಚಿ ಕಟ್ಟೆಯ ಮೇಲಿಟ್ಟು, ಬಾಚಿ ಉಳಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಮಸೂತಿಗೆ ಬರುವಷ್ಟರಲ್ಲಿ ಮೊದಲ ಮಳೆ ಹಿಡಿಯಿತು. ಆ ಮಾಳಿಗೆ ಸೋರಲಿಲ್ಲವಂತೆ.

ವೈನಿಗೆ ಹೇಳಿದೆ. "ಆಯಿ ಅಂದಳಾ?" ಅಂತ ಎರಡು ಸಲ ಕೇಳಿದರು. ಆಮೇಲೆ, "ಒಬ್ಬರರೇ ಅಂದರಲ್ಲ," ಅಂದರು.

ಲೆವಿ ಮುಗಿಯಿತು. ಮಾಲಕರು ಬರಲಿಲ್ಲ. ಬನ್ನಿ ಹಬ್ಬ ಕಳೆದ ಮೇಲೆ ನಾನೇ ಬಾಗೇವಾಡಿಗೆ ಹೋದೆ. ಠಾಣೆಯಲ್ಲಿ ಕಾಗದ ನೋಡುವವರು ಒಳ್ಳೆಯವರು, ಕುರ್ಚಿ ಕೊಟ್ಟು ಕೂಡಿಸಿದರು. ಮೊದಲು ಬರೆದ ಪಂಚನಾಮೆ ತಪ್ಪು, ಮತ್ತೊಮ್ಮೆ ಬರೆದುಕೊಳ್ಳಿರಿ ಅಂತ ಕೇಳಿದೆ. ಅವರು ಕಟ್ಟು ಬಿಚ್ಚಿ ಆ ಕಾಗದ ಹುಡುಕಿ ನನ್ನ ಮುಂದೆ ಇಟ್ಟರು.

"ನೋಡಪಾ, ನೀ ಓದಿದವ. ಇದು ಮುಗಿದ ಕಾಗದ. ಈಗ ಇದಕ್ಕ ನೀ ಬ್ಯಾರೆ ಹೇಳಿದರ, ಅವತ್ತು ಸುಳ್ಳು ಯಾಕ ಬರದುಕೊಟ್ಟಿ ಅಂತ ಮೊದಲ ನಿನ್ನನ್ನ ಕೇಳತಾರ. ಹಗೇವು ಎಲ್ಲೈತಿ ಅಂತಾರ. ತೋರಸ್ತೀಯೇನು?"

ಹಗೇವಿಗೆ ನಾನೇ ಕಲ್ಲು ತುಂಬಿ, ಕುಟ್ಟಿ, ಮೇಲೆ ಕಂಬ ನಿಲ್ಲಿಸಿ ಬಂದಿದ್ದೆ.

ಓದಿಕೊಂಡು ಹೋಗಲಾ ಅಂತ ಕೇಳಿದೆ. ಓದು ಅಂದರು. ಮೂರನೆಯ ಸಲ ಓದಿದೆ. ಪಡಸಾಲೆಯ ಉದ್ದ ಇದೆ, ಅಗಲ ಇದೆ. ಟೇಕುಗಳ ಎಣಿಕೆ ಇದೆ. ಅಣ್ಣನ ಹೆಸರು, ವಯಸ್ಸು, ಕಸುಬು ಇವೆ. ಕೆಳಗೆ ನನ್ನ ಸಹಿ ಇದೆ. ಹಗೇವು ಇಲ್ಲ.